ಒರಳು ಒಂದು, ಒನಕೆ ಎರಡು: ಜೋಡಿ ಗ್ರಾಫಿಕ್ಸ್ ಕಾರ್ಡಿನ ಕತೆ

ಅಪ್ಸರಕೊಂಡದ ಜಲಪಾತ ನೋಡಲು ಬಂದವರು ಗುಡ್ಡ ಹತ್ತಿ, ಸಮುದ್ರದ ಕಡೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು ಇಳಿದು ಹೋಗುತ್ತಾರೆ. ಊರಿನ ಹುಡುಗರು ಮಾತ್ರ ಸಂಜೆ ಹೊತ್ತು ಅಲ್ಲೇ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಅವರಲ್ಲಿ ಪದವಿ ಓದುವ ಒಬ್ಬ ಹುಡುಗ ಮೊನ್ನೆ ನನ್ನನ್ನು ಕರೆದು ಒಂದು ಜಾಹೀರಾತು ತೋರಿಸಿದ. ಯಾರೋ ಹಳೇ ಗೇಮಿಂಗ್ ಕಂಪ್ಯೂಟರ್ ಮಾರಾಟಕ್ಕಿಟ್ಟಿದ್ದರು. ಒಳಗೆ ಎರಡು ಗ್ರಾಫಿಕ್ಸ್ ಕಾರ್ಡು, ಜೊತೆಗೆ ಮೂರು ಮಾನಿಟರ್. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಡಬಲ್ ಸ್ಪೀಡ್’ ಎಂದು ಬರೆದಿತ್ತು.

“ಅಣ್ಣ, ಕಾರ್ಡು ಎರಡಿದ್ರೆ ಆಟ ಎರಡು ಪಟ್ಟು ಜೋರಾಗಿ ಓಡ್ಬೇಕಲ್ಲ?” ಎಂದು ಕೇಳಿದ.

ಅವನಪ್ಪ ದೋಣಿಗೆ ಹೋಗುವವರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮನೆ ನಡೆಸಲು ತೆಗೆದಿಟ್ಟ ದುಡ್ಡಿನಲ್ಲೇ ಈ ಕಂಪ್ಯೂಟರ್ ಕೊಳ್ಳಬೇಕು. ಆಟವಾಡಲು ಮಾತ್ರ ಅಲ್ಲ, ವಿಡಿಯೊ ಎಡಿಟಿಂಗ್ ಕಲಿತು ದುಡಿಯುತ್ತೇನೆ ಎಂದು ಅಪ್ಪನನ್ನು ಒಪ್ಪಿಸಿದ್ದಾನೆ. ಹಾಗಾಗಿ ಅವನ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿರಲಿಲ್ಲ. ಉತ್ತರ ಹೇಳಲು ಸುಮಾರು ಮೂವತ್ತು ವರ್ಷ ಹಿಂದೆ ಹೋಗಬೇಕು.

ಚುಕ್ಕಿಗಳ ಲೆಕ್ಕ

ಮೊದಲು ಗ್ರಾಫಿಕ್ಸ್ ಕಾರ್ಡಿನ ಕೆಲಸ ಏನು ಎಂದು ನೋಡೋಣ. ನಿಮ್ಮ ಮೊಬೈಲಿನ ಪರದೆಯಾಗಲಿ, ಕಂಪ್ಯೂಟರಿನ ಮಾನಿಟರ್ ಆಗಲಿ, ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಅವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಸಾಮಾನ್ಯವಾದ ‘ಫುಲ್ ಎಚ್‌ಡಿ’ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ 20 ಲಕ್ಷ ದಾಟುತ್ತದೆ. ಆಟ ಓಡುವಾಗ ಈ 20 ಲಕ್ಷ ಚುಕ್ಕಿಗಳಿಗೂ ಬಣ್ಣ ಲೆಕ್ಕ ಹಾಕಿ ಒಂದು ಚಿತ್ರ ಮಾಡಬೇಕು. ಅಂಥ ಒಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮ್ ಬಂದರೆ ಕಣ್ಣಿಗೆ ಓಟ ನುಣುಪಾಗಿ ಕಾಣುತ್ತದೆ. ಅಂದರೆ ಒಂದು ಫ್ರೇಮಿಗೆ ಸಿಗುವ ಸಮಯ ಸೆಕೆಂಡಿನ 60ರಲ್ಲಿ ಒಂದು ಭಾಗ, ಸುಮಾರು 16.7 ಮಿಲಿಸೆಕೆಂಡ್.

ಮೂರು ಮಾನಿಟರ್ ಸಾಲಾಗಿ ಇಟ್ಟರೆ ಚುಕ್ಕಿಗಳು 62 ಲಕ್ಷವಾಗುತ್ತವೆ. ಸಮಯ ಮಾತ್ರ ಅದೇ 16.7 ಮಿಲಿಸೆಕೆಂಡ್. ಊಟಕ್ಕೆ ಕೂತವರು ಮೂರು ಪಟ್ಟಾದರು, ಬಡಿಸುವವನು ಒಬ್ಬನೇ. ಆಗ ಯಾರಿಗಾದರೂ ಹೊಳೆಯುವುದು ಒಂದೇ ಉಪಾಯ: ಇನ್ನೊಬ್ಬನನ್ನು ಕರೆಯೋಣ.

1998: ಗೆರೆ ಹಂಚಿಕೊಂಡ ಕಾರ್ಡುಗಳು

1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದು, ಹೊನ್ನಾವರದವರು ರೈಲು ಹತ್ತಿ ಮುಂಬೈಗೆ ಹೋಗುವ ಹಾಗಾಯಿತು. ಅದೇ ವರ್ಷ ಅಮೆರಿಕದ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ ‘ವೂಡೂ 2’ ಎಂಬ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಒಂದೇ ಕಾರ್ಡಿದ್ದರೆ ಆಟವನ್ನು 800×600 ಚುಕ್ಕಿಗಳವರೆಗೆ ತೋರಿಸುತ್ತಿತ್ತು. ಎರಡು ಕೊಂಡು ಜೋಡಿಸಿದರೆ 1024×768 ಸಿಗುತ್ತಿತ್ತು.

ಕೆಲಸ ಹಂಚುವ ಕ್ರಮ ಸರಳವಾಗಿತ್ತು. ಚಿತ್ರದ ಅಡ್ಡ ಗೆರೆಗಳಲ್ಲಿ ಒಂದು, ಮೂರು, ಐದನೆಯದನ್ನು ಒಂದು ಕಾರ್ಡು ಬಿಡಿಸುವುದು. ಎರಡು, ನಾಲ್ಕು, ಆರನೆಯದನ್ನು ಇನ್ನೊಂದು ಬಿಡಿಸುವುದು. ಗದ್ದೆಯಲ್ಲಿ ಇಬ್ಬರು ಸಾಲು ಬಿಟ್ಟು ಸಾಲು ನಟ್ಟಿ ಮಾಡಿದ ಹಾಗೆ. ಇದಕ್ಕೆ ಎಸ್‌ಎಲ್‌ಐ ಎಂದು ಹೆಸರಿಟ್ಟರು. ಒಂದು ವಿಚಿತ್ರವೂ ಇತ್ತು: ವೂಡೂ 2ಗೆ ಆಟ ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಮಾಮೂಲಿ ಕೆಲಸಕ್ಕೆ ಬೇರೆಯೇ ಒಂದು ಕಾರ್ಡು ಬೇಕಿತ್ತು. ಹಾಗಾಗಿ ಜೋಡಿ ಕಾರ್ಡಿನ ಕಂಪ್ಯೂಟರಿನಲ್ಲಿ ಇರುತ್ತಿದ್ದದ್ದು ಮೂರು ಕಾರ್ಡು. 12 ಎಂಬಿ ಮೆಮೊರಿಯ ಒಂದು ವೂಡೂ 2ಗೆ ಅಮೆರಿಕದಲ್ಲೇ ಸುಮಾರು 300 ಡಾಲರ್. ನಮ್ಮ ಕಡೆ ಆಗ ಕಂಪ್ಯೂಟರ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ತ್ರೀಡಿಎಫ್‌ಎಕ್ಸ್ ಹೆಚ್ಚು ದಿನ ಬಾಳಲಿಲ್ಲ. 2000ದ ಡಿಸೆಂಬರಿನಲ್ಲಿ ಅದರ ಆಸ್ತಿಯನ್ನು ಕೊಳ್ಳುವುದಾಗಿ ಪೈಪೋಟಿಯ ಎನ್‌ವಿಡಿಯಾ ಪ್ರಕಟಿಸಿತು. ಅಷ್ಟರಲ್ಲಿ ಕಾರ್ಡು ಸಿಕ್ಕಿಸುವ ಜಾಗವೂ ಬದಲಾಗಿತ್ತು. ಎಜಿಪಿ ಎಂಬ ಹೊಸ ಕಿಂಡಿ ವೇಗವಾಗಿತ್ತು, ಆದರೆ ಒಂದು ಮದರ್‌ಬೋರ್ಡಿನಲ್ಲಿ ಒಂದೇ ಇರುತ್ತಿತ್ತು. ಎರಡನೇ ಕಾರ್ಡಿಗೆ ಜಾಗವೇ ಇಲ್ಲ. ಜೋಡಿ ಕಾರ್ಡಿನ ಮಾತು ಕೆಲವು ವರ್ಷ ನಿಂತುಹೋಯಿತು.

ಒರಳು ಒಂದು, ಒನಕೆ ಎರಡು

2004ರ ಹೊತ್ತಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಕಿಂಡಿ ಬಂತು. ಒಂದೇ ಬೋರ್ಡಿನಲ್ಲಿ ಎರಡು ಕಾರ್ಡು ಕೂರಿಸಲು ಮತ್ತೆ ದಾರಿಯಾಯಿತು. ಎನ್‌ವಿಡಿಯಾ ಅದೇ ವರ್ಷ ತನ್ನ 6800 ಸರಣಿಯ ಕಾರ್ಡುಗಳೊಂದಿಗೆ ಎಸ್‌ಎಲ್‌ಐ ಹೆಸರನ್ನು ಮತ್ತೆ ಎತ್ತಿತು. ಅಕ್ಷರ ಅವೇ, ಒಳಗಿನ ತಂತ್ರ ಬೇರೆ. ಎನ್‌ವಿಡಿಯಾ ಬೆಂಗಳೂರಿನಲ್ಲಿ ತನ್ನ ಕೇಂದ್ರ ಆರಂಭಿಸಿದ್ದೂ 2004ರಲ್ಲೇ. 2005ರಲ್ಲಿ ಎಟಿಐ ಕಂಪನಿ ‘ಕ್ರಾಸ್‌ಫೈರ್’ ಹೆಸರಿನಲ್ಲಿ ಇದೇ ಬಗೆಯದನ್ನು ತಂದಿತು. ಮರುವರ್ಷ ಎಟಿಐಯನ್ನು ಎಎಂಡಿ ಕೊಂಡುಕೊಂಡಿತು.

ಈ ಕಾಲದಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು ಸರದಿಯ ಕ್ರಮ. ಒಂದನೇ ಫ್ರೇಮ್ ಈ ಕಾರ್ಡು, ಎರಡನೇ ಫ್ರೇಮ್ ಆ ಕಾರ್ಡು, ಮೂರನೆಯದು ಮತ್ತೆ ಇದು. ಎಟಿಐ 1999ರಲ್ಲೇ ಒಂದು ಕಾರ್ಡಿನ ಮೇಲೆ ಎರಡು ಚಿಪ್ ಕೂರಿಸಿ ಇದನ್ನು ಮಾಡಿ ನೋಡಿತ್ತು.

ನಿಮ್ಮ ಅಜ್ಜಿಯ ಕಾಲದಲ್ಲಿ ಅವಲಕ್ಕಿ ಕುಟ್ಟಿದ್ದನ್ನು ನೆನಪು ಮಾಡಿಕೊಳ್ಳಿ. ಒರಳು ಒಂದೇ. ಎದುರುಬದುರು ನಿಂತ ಹೆಂಗಸರಿಬ್ಬರ ಕೈಯಲ್ಲಿ ಎರಡು ಒನಕೆ. ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಧಪ್, ಧಪ್ ಎಂದು ಸಮನಾಗಿ ಬಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಜೋಡಿ ಕಾರ್ಡಿನ ಆಸೆಯೂ ಇದೇ. ತಾಳ ಕೂಡಿದ ಆಟಗಳಲ್ಲಿ ವೇಗ ನಿಜಕ್ಕೂ ಎರಡು ಪಟ್ಟಿನ ಹತ್ತಿರ ಹೋಗುತ್ತಿತ್ತು. ಕೆಲವು ಆಟಗಳಲ್ಲಿ ಸ್ವಲ್ಪವೇ ಏರುತ್ತಿತ್ತು. ಇನ್ನು ಕೆಲವದರಲ್ಲಿ ಎರಡನೇ ಕಾರ್ಡು ಸುಮ್ಮನೆ ಕೂತಿರುತ್ತಿತ್ತು. ಏಕೆಂದರೆ ಪ್ರತಿ ಆಟಕ್ಕೂ ಕೆಲಸ ಹೇಗೆ ಹಂಚಬೇಕೆಂಬ ಸೂಚನೆಯನ್ನು ಕಾರ್ಡಿನ ಕಂಪನಿ ತನ್ನ ಡ್ರೈವರ್ ತಂತ್ರಾಂಶದಲ್ಲಿ ಬರೆದಿಡಬೇಕಿತ್ತು. ಸೂಚನೆ ಬರೆಯದ ಆಟಕ್ಕೆ ಜೋಡಿ ಇದ್ದೂ ಇಲ್ಲದ ಹಾಗೆ.

ಮಾರುವವರು ಹೇಳದೆ ಬಿಡುವ ಮಾತೊಂದಿದೆ. ಸರದಿಯ ಕ್ರಮದಲ್ಲಿ ಎರಡೂ ಕಾರ್ಡುಗಳ ಮೆಮೊರಿ ಕೂಡುವುದಿಲ್ಲ. ಆಟದ ಚಿತ್ರ, ಬಣ್ಣ, ಆಕಾರ ಎಲ್ಲದರ ಪೂರ್ತಿ ಪ್ರತಿ ಎರಡೂ ಕಾರ್ಡಿನಲ್ಲಿ ಇರಬೇಕು. 4 ಜಿಬಿಯ ಎರಡು ಕಾರ್ಡು ಹಾಕಿದರೆ ಆಟಕ್ಕೆ ಸಿಗುವುದು 4 ಜಿಬಿಯೇ ಹೊರತು 8 ಅಲ್ಲ.

ಮೂರು ಪರದೆಯ ಆಸೆ

ಒಂದಕ್ಕಿಂತ ಹೆಚ್ಚು ಪರದೆಯ ಆಸೆ ಇನ್ನೂ ಹಳೆಯದು. 1993ರ ಕೊನೆಯಲ್ಲಿ ಬಂದ ‘ಡೂಮ್’ ಆಟದ ಆರಂಭದ ಆವೃತ್ತಿಯಲ್ಲೇ ಮೂರು ಪರದೆಗೆ ಅವಕಾಶವಿತ್ತು. ಮೂರು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಬೇಕು. ನಡುವಿನದು ಎದುರಿನ ನೋಟ, ಅಕ್ಕಪಕ್ಕದವು ಎಡಬಲದ ನೋಟ ತೋರಿಸುತ್ತಿದ್ದವು. 2002ರಲ್ಲಿ ಕೆನಡಾದ ಮ್ಯಾಟ್ರಾಕ್ಸ್ ಕಂಪನಿಯ ‘ಪಾರ್ಹೀಲಿಯಾ’ ಕಾರ್ಡು ಮೂರು ಮಾನಿಟರುಗಳಲ್ಲಿ ಒಂದೇ ಆಟ ಹರಡಿ ತೋರಿಸಿತು. ಆದರೆ ಅಷ್ಟು ಚುಕ್ಕಿ ಎಳೆಯುವ ಬಲ ಅದಕ್ಕೆ ಸಾಲದಾಯಿತು.

ನಮ್ಮ ಕಡೆಯವರಿಗೆ ಜೋಡಾಟ ಗೊತ್ತು. ಅಪ್ಸರಕೊಂಡದಿಂದ ದೂರವೇನೂ ಇಲ್ಲದ ಗುಣವಂತೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ ಊರು. ಯಕ್ಷಗಾನದ ಜೋಡಾಟದಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಪ್ರಸಂಗ ಒಂದೇ. ಅಲ್ಲಿ ಎರಡೂ ಮೇಳಕ್ಕೆ ಅವರವರದೇ ಭಾಗವತರು, ಅವರವರದೇ ಚೆಂಡೆ. ಒಂದು ಕಡೆ ತಡವಾದರೆ ಇನ್ನೊಂದು ಕಡೆಯವರು ಕಾಯಬೇಕಿಲ್ಲ. ಮೂರು ಮಾನಿಟರಿನ ಆಟ ಹಾಗಲ್ಲ. ರಂಗಸ್ಥಳ ಮೂರು ಕಂಡರೂ ನಡೆಯುವ ದೃಶ್ಯ ಒಂದೇ. ಎಡಗಡೆಯ ಪರದೆಯಿಂದ ಹೊರಟ ಕಾರು ನಡುವಿನ ಪರದೆಗೆ ಬರುವಾಗ ಒಂದು ಕ್ಷಣ ತಡವಾದರೂ ಕಾರು ಮುರಿದ ಹಾಗೆ ಕಾಣುತ್ತದೆ.

2009ರ ಸೆಪ್ಟೆಂಬರಿನಲ್ಲಿ ಎಎಂಡಿ ‘ರೇಡಿಯಾನ್ ಎಚ್‌ಡಿ 5870’ ಬಿಡುಗಡೆ ಮಾಡಿತು. ಒಂದೇ ಕಾರ್ಡಿಗೆ ಮೂರು ಮಾನಿಟರ್ ಜೋಡಿಸಿ ಒಂದೇ ಆಟ ಆಡಬಹುದು. ಈ ಸೌಲಭ್ಯದ ಹೆಸರು ‘ಐಫಿನಿಟಿ’. ಮರುವರ್ಷ ಎನ್‌ವಿಡಿಯಾ ‘ಸರೌಂಡ್’ ಎಂದು ಉತ್ತರ ಕೊಟ್ಟಿತು. ಆಗಿನ ಅದರ ಒಂದು ಕಾರ್ಡು ಒಮ್ಮೆಗೆ ಎರಡು ಮಾನಿಟರ್ ಮಾತ್ರ ನಡೆಸಬಲ್ಲದಾಗಿತ್ತು. ಮೂರನೇ ಮಾನಿಟರ್ ಬೇಕಿದ್ದರೆ ಎರಡನೇ ಕಾರ್ಡು ಕೊಳ್ಳಲೇಬೇಕು. ಜೋಡಿ ಕಾರ್ಡು ಮತ್ತು ಮೂರು ಮಾನಿಟರ್ ಒಂದೇ ಉಸಿರಿನಲ್ಲಿ ಕೇಳಿಬರಲು ಇದೂ ಒಂದು ಕಾರಣ. ಇಂದಿನ ಜಾಹೀರಾತಿನಲ್ಲೂ ಅವೆರಡೂ ಒಟ್ಟಿಗೆ ಕಾಣುತ್ತವೆ. ಆದರೆ 2012ರಲ್ಲಿ ಬಂದ ‘ಜಿಟಿಎಕ್ಸ್ 680’ ಒಂದೇ ಕಾರ್ಡು ನಾಲ್ಕು ಮಾನಿಟರ್ ನಡೆಸಿತು. ಆ ಕಾರಣ ಅಲ್ಲಿಗೆ ತೀರಿತು.

ತಾಳ ತಪ್ಪಿದ್ದು ಗೊತ್ತಾದದ್ದು

ಎರಡು ಕಾರ್ಡು ಕೊಂಡವರು ಮೊದಲಿನಿಂದಲೂ ಒಂದು ದೂರು ಹೇಳುತ್ತಿದ್ದರು. ಲೆಕ್ಕದಲ್ಲಿ ಸೆಕೆಂಡಿಗೆ 60 ಫ್ರೇಮ್ ತೋರಿಸುತ್ತದೆ, ಕಣ್ಣಿಗೆ ಮಾತ್ರ ಆಟ ತೊದಲಿದ ಹಾಗೆ ಕಾಣುತ್ತದೆ. ಹಲವರು ಇದನ್ನು ಭ್ರಮೆ ಎಂದು ತಳ್ಳಿಹಾಕಿದರು.

2011ರ ಸೆಪ್ಟೆಂಬರಿನಲ್ಲಿ ‘ಟೆಕ್ ರಿಪೋರ್ಟ್’ ಎಂಬ ಪತ್ರಿಕೆಯ ಸ್ಕಾಟ್ ವಾಸನ್ ಎಂಬ ಪತ್ರಕರ್ತ ಬೇರೆ ರೀತಿಯಲ್ಲಿ ಅಳೆದರು. ಸೆಕೆಂಡಿಗೆ ಒಟ್ಟು ಎಷ್ಟು ಫ್ರೇಮ್ ಬಂತು ಎಂದು ಎಣಿಸುವ ಬದಲು, ಒಂದೊಂದು ಫ್ರೇಮಿಗೂ ಎಷ್ಟು ಸಮಯ ಹಿಡಿಯಿತು ಎಂದು ಬರೆದಿಟ್ಟರು. ಆಗ ಗುಟ್ಟು ಹೊರಬಿತ್ತು. ಎರಡೂ ಫ್ರೇಮಿಗೆ ತಲಾ 16.7 ಮಿಲಿಸೆಕೆಂಡ್ ಆಗಬೇಕಾದಲ್ಲಿ ಒಂದಕ್ಕೆ 5, ಇನ್ನೊಂದಕ್ಕೆ 28 ಆದರೆ ಏನಾಗುತ್ತದೆ? ಒಟ್ಟು ಲೆಕ್ಕ ಸರಿಯೇ. ಸರಾಸರಿಯಲ್ಲಿ ತಪ್ಪು ಕಾಣುವುದಿಲ್ಲ. ಒನಕೆಗೆ ಬಂದರೆ, ನಿಮಿಷಕ್ಕೆ ಬಿದ್ದ ಪೆಟ್ಟಿನ ಸಂಖ್ಯೆ ಅಷ್ಟೇ, ಆದರೆ ಧಪ್‌ಧಪ್, ಆಮೇಲೆ ಮೌನ, ಮತ್ತೆ ಧಪ್‌ಧಪ್. ಒಂದರ ಬೆನ್ನಿಗೇ ಬಿದ್ದ ಎರಡನೇ ಪೆಟ್ಟಿನಿಂದ ಅವಲಕ್ಕಿಗೆ ಏನೂ ಆಗುವುದಿಲ್ಲ.

ಪತ್ರಿಕೋದ್ಯಮ ಓದಿದ ನಮಗೆ ಈ ಪ್ರಸಂಗದಲ್ಲಿ ಒಂದು ಪಾಠವಿದೆ. ಜನರ ದೂರು ಸುಳ್ಳಾಗಿರಲಿಲ್ಲ, ಅಳತೆಗೋಲು ತಪ್ಪಾಗಿತ್ತು.

2013ರಲ್ಲಿ ಪ್ರತಿ ಫ್ರೇಮಿಗೂ ಒಂದು ಬಣ್ಣದ ಪಟ್ಟಿ ಅಂಟಿಸಿ, ಪರದೆಗೆ ಹೋಗುವುದನ್ನೇ ದಾಖಲಿಸಿ ನೋಡುವ ಕ್ರಮ ಬಂತು. ಎಎಂಡಿಯ ಜೋಡಿ ಕಾರ್ಡುಗಳಲ್ಲಿ ಕೆಲವು ಫ್ರೇಮ್‌ಗಳು ಪರದೆಯ ಮೇಲೆ ನಾಲ್ಕಾರು ಗೆರೆಯಷ್ಟೇ ಕಾಣಿಸಿಕೊಂಡು ಮಾಯವಾಗುತ್ತಿದ್ದವು. ಎಣಿಕೆಗೆ ಸೇರುತ್ತಿದ್ದವು, ಕಣ್ಣಿಗೆ ಸೇರುತ್ತಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಎಎಂಡಿ ತಾಳ ಸರಿಪಡಿಸುವ ಡ್ರೈವರ್ ಕೊಟ್ಟಿತು. ಆದರೆ ಅದು ಒಂದು ಮಾನಿಟರ್ ಇದ್ದವರಿಗೆ ಮಾತ್ರ. ಮೂರು ಮಾನಿಟರ್ ಇಟ್ಟುಕೊಂಡವರು 2014ರ ಆರಂಭದವರೆಗೆ ಕಾಯಬೇಕಾಯಿತು. ಜೋಡಿ ಕಾರ್ಡು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಕೊನೆಗೆ ಸಿಕ್ಕಿತು.

ಕಡೆಗೆ ಕೈಬಿಟ್ಟದ್ದು ಯಾಕೆ?

ತಾಳ ಸರಿಹೋದ ಮೇಲೂ ಜೋಡಿ ಕಾರ್ಡು ಉಳಿಯಲಿಲ್ಲ. ಮೂರು ಕಾರಣಗಳು ಕೂಡಿ ಬಂದವು.

ಮೊದಲನೆಯದು, ಆಟದ ಚಿತ್ರ ಬಿಡಿಸುವ ರೀತಿಯೇ ಬದಲಾಯಿತು. ಹೊಸ ಆಟಗಳು ಹಿಂದಿನ ಫ್ರೇಮಿನ ಮಾಹಿತಿ ನೋಡಿಕೊಂಡು ಮುಂದಿನ ಫ್ರೇಮನ್ನು ನುಣುಪು ಮಾಡುತ್ತವೆ. ಹಿಂದಿನ ಫ್ರೇಮ್ ಆ ಕಾರ್ಡಿನಲ್ಲಿದ್ದರೆ ಈ ಕಾರ್ಡು ಅದು ಬರುವವರೆಗೆ ಕಾಯಬೇಕು. ಕಾದರೆ ಸರದಿಯ ಲಾಭವೇ ಹೋಯಿತು.

ಎರಡನೆಯದು, ಹಂಚುವ ಹೊಣೆ ಕೈ ಬದಲಾಯಿಸಿತು. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಡೈರೆಕ್ಟ್‌ಎಕ್ಸ್ 12, ಕೆಲಸ ಹಂಚುವ ಅಧಿಕಾರವನ್ನು ಆಟ ತಯಾರಿಸುವವರಿಗೇ ಕೊಟ್ಟಿತು. ಅಧಿಕಾರದ ಜೊತೆ ಖರ್ಚೂ ಅವರ ತಲೆಗೇ ಬಂತು. ಆಟ ತಯಾರಿಕೆ ಎಷ್ಟು ಕೈಗಳ ಕೆಲಸ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆ. ‘ಫೋರ್ಜಾ ಹೊರೈಜನ್’ನಂಥ ಹೊರದೇಶದ ದೊಡ್ಡ ಆಟಗಳಿಗೆ ಅಲ್ಲಿನ ಕಲಾವಿದರು ಚಿತ್ರಕೆಲಸ ಮಾಡಿಕೊಟ್ಟರು. ನಿಮ್ಮಲ್ಲಿ ಎಷ್ಟೋ ಜನ ಹೆಸರು ಕೇಳಿರುವ ‘ಜಿಟಿಎ’ ಆಟದ ರಾಕ್‌ಸ್ಟಾರ್ ಕಂಪನಿ 2019ರಲ್ಲಿ ಧ್ರುವವನ್ನು ಕೊಂಡುಕೊಂಡಿತು. ಒಂದು ದೊಡ್ಡ ಆಟಕ್ಕೆ ಹೀಗೆ ದೇಶದೇಶಗಳ ಕೈಗಳು ದುಡಿಯುತ್ತವೆ, ಪ್ರತಿ ದಿನಕ್ಕೂ ಸಂಬಳದ ಲೆಕ್ಕವಿದೆ. ಜೋಡಿ ಕಾರ್ಡು ಇಟ್ಟುಕೊಂಡವರು ಆಟಗಾರರಲ್ಲಿ ಬಹಳ ಕಡಿಮೆ. ಅಷ್ಟು ಕೆಲವರಿಗಾಗಿ ತಿಂಗಳುಗಟ್ಟಲೆ ಕೆಲಸ ಮಾಡಿಸಲು ಹೆಚ್ಚಿನ ಕಂಪನಿಗಳು ಮುಂದಾಗಲಿಲ್ಲ.

ಮೂರನೆಯದು, ಒಂದೇ ಕಾರ್ಡಿನ ಬಲ ಬೆಳೆಯುತ್ತಲೇ ಹೋಯಿತು. ನಿನ್ನೆ ಎರಡು ಕಾರ್ಡು ಮಾಡುತ್ತಿದ್ದ ಕೆಲಸವನ್ನು ನಾಳೆ ಬರುವ ಒಂದು ಕಾರ್ಡು, ಕಡಿಮೆ ಕರೆಂಟಿನಲ್ಲಿ ಮಾಡುತ್ತದೆ ಎಂದಾಗ ಎರಡನೆಯದನ್ನು ಯಾರು ಕೊಳ್ಳುತ್ತಾರೆ?

2016ರ ಜಿಟಿಎಕ್ಸ್ 1060 ಕಾರ್ಡಿನಲ್ಲಿ ಜೋಡಿಸುವ ಸೌಲಭ್ಯವೇ ಇರಲಿಲ್ಲ. 2020ರ ಸರಣಿಯಲ್ಲಿ ಅತಿ ದುಬಾರಿಯ ಆರ್‌ಟಿಎಕ್ಸ್ 3090ಕ್ಕೆ ಮಾತ್ರ ಅದು ಉಳಿಯಿತು. 2021ರ ಜನವರಿ 1ರಿಂದ ಹಳೆಯ ಕಾರ್ಡುಗಳಿಗೆ ಹೊಸ ಆಟಗಳ ಎಸ್‌ಎಲ್‌ಐ ಸೂಚನೆ ಬರೆಯುವುದನ್ನು ಎನ್‌ವಿಡಿಯಾ ನಿಲ್ಲಿಸಿತು. 2022ರ ಆರ್‌ಟಿಎಕ್ಸ್ 4090ರಲ್ಲಿ ಜೋಡಿಸುವ ಕೊಂಡಿಯನ್ನೇ ತೆಗೆದರು.

ಟೊರಾಂಟೊದ ಎರಡು ಕಾರ್ಡು

ಆದರೆ ಜೋಡಿ ಕಾರ್ಡಿನ ಕತೆ ಇಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ ಎರಡು ಜಿಟಿಎಕ್ಸ್ 580 ಕಾರ್ಡುಗಳನ್ನು ಬೇರೆ ಕೆಲಸಕ್ಕೆ ಹಚ್ಚಿದ. ಅವು ಆಟಗಾರರು ಅಂಗಡಿಯಲ್ಲಿ ಕೊಳ್ಳುವ ಕಾರ್ಡುಗಳೇ, ತಲಾ 3 ಜಿಬಿ ಮೆಮೊರಿ. ಸುಮಾರು 12 ಲಕ್ಷ ಫೋಟೊ ತೋರಿಸಿ, ಫೋಟೊದಲ್ಲಿ ಏನಿದೆ ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಅವನ ಕೆಲಸ. ಅವನು ರೂಪಿಸಿದ ಜಾಲ ಒಂದು ಕಾರ್ಡಿನ ಮೆಮೊರಿಯಲ್ಲಿ ಹಿಡಿಯುತ್ತಿರಲಿಲ್ಲ. ಅದನ್ನು ಸೀಳಿ ಅರ್ಧ ಈ ಕಾರ್ಡಿಗೆ, ಅರ್ಧ ಆ ಕಾರ್ಡಿಗೆ ಕೊಟ್ಟ. ಎರಡೂ ಕೆಲವು ಹಂತಗಳಲ್ಲಿ ಮಾತ್ರ ಮಾತಾಡಿಕೊಳ್ಳಬೇಕು. ಐದಾರು ದಿನದಲ್ಲಿ ಕಲಿಕೆ ಮುಗಿಯಿತು. ಆ ವರ್ಷದ ಸ್ಪರ್ಧೆಯಲ್ಲಿ ಎರಡನೇ ಸ್ಥಾನದವರ ತಪ್ಪಿನ ಪ್ರಮಾಣ ಶೇ 26.2 ಇದ್ದರೆ ಇವರದು ಶೇ 15.3. ಈಗಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದು ಅಲ್ಲಿಂದ. ಅವನ ಗುರು ಜೆಫ್ರಿ ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಆಟದಲ್ಲಿ ಸೋತ ಜೋಡಿ ಇಲ್ಲಿ ಗೆದ್ದದ್ದು ಹೇಗೆ? ಇಲ್ಲಿ 16.7 ಮಿಲಿಸೆಕೆಂಡಿನ ಗಡುವು ಇಲ್ಲ. ಕೂತು ನೋಡುವ ಕಣ್ಣು ಇಲ್ಲ. ಒಂದು ಕಾರ್ಡು ಅರೆಕ್ಷಣ ಕಾದರೆ ಯಾರಿಗೂ ತೊದಲು ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನಲ್ಲೂ ಗ್ರಾಫಿಕ್ಸ್ ಚಿಪ್‌ಗಳು ಜೊತೆಯಾಗಿ ದುಡಿಯುತ್ತವೆ. ಕೆಲಸ ಹಂಚಲು ಬರುವಂಥದ್ದಾಗಿದ್ದರೆ ಎರಡಲ್ಲ, ಎರಡು ಸಾವಿರ ಕೈಗಳೂ ಪ್ರಯೋಜನಕ್ಕೆ ಬರುತ್ತವೆ. ಹಂಚಲು ಬಾರದಿದ್ದರೆ ಎರಡನೇ ಕೈಯೇ ಹೆಚ್ಚು.

ಹುಡುಗನಿಗೆ ಹೇಳಿದ್ದು

ಇಷ್ಟೆಲ್ಲ ಆದ ಮೇಲೆ ಹುಡುಗನಿಗೆ ಹೇಳಿದ್ದು ಚಿಕ್ಕ ಮಾತು. ಸುಮಾರು ಹತ್ತು ವರ್ಷ ಹಳೆಯ ಎರಡು ಕಾರ್ಡಿಗೆ ಕೊಡುವ ದುಡ್ಡಿನಲ್ಲಿ ಈಚಿನ ಒಂದು ಕಾರ್ಡು ನೋಡು. ಮೂರು ಮಾನಿಟರ್ ಬೇಕಿದ್ದರೂ ಒಂದೇ ಸಾಕು. ಎಷ್ಟು ಮಾನಿಟರ್ ನಡೆಸುತ್ತದೆ ಎಂದು ಮಾತ್ರ ಕೇಳಿ ತಿಳಿದುಕೋ. ಮೆಮೊರಿಯನ್ನು ಕೂಡಿಸಿ ಹೇಳಿದರೆ ನಂಬಬೇಡ. ಎಡಿಟಿಂಗ್ ತಂತ್ರಾಂಶ ಯಾವುದು ಕಲಿಯುತ್ತೀಯೋ, ಅದು ಎರಡನೇ ಕಾರ್ಡನ್ನು ಬಳಸುತ್ತದೆಯೇ ಎಂದು ಮೊದಲು ನೋಡು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯಕ್ಕೆ ಕಾರ್ಡುಗಳಿಂದ ‘ಗಣಿಗಾರಿಕೆ’ ಮಾಡುವುದು ನಿಂತ ಮೇಲೆ, ಹಗಲು ರಾತ್ರಿ ದುಡಿದು ದಣಿದ ಎಷ್ಟೋ ಕಾರ್ಡುಗಳು ಹಳೇ ಸಾಮಾನಿನ ಮಾರುಕಟ್ಟೆಗೆ ಬಂದಿವೆ. ಕಣ್ಣೆದುರು ಅರ್ಧ ಗಂಟೆ ಓಡಿಸಿ ತೋರಿಸದೆ ದುಡ್ಡು ಕೊಡಬೇಡ.

ಕರೆಂಟಿನ ಲೆಕ್ಕವನ್ನೂ ಹಾಕಿದೆವು. 250 ವ್ಯಾಟಿನ ಎರಡು ಕಾರ್ಡು ಪೂರ್ತಿ ಬಲದಲ್ಲಿ ಓಡಿದರೆ 500 ವ್ಯಾಟ್. ಎರಡು ಗಂಟೆ ಆಡಿದರೆ ಕಾರ್ಡುಗಳಿಗೇ ಒಂದು ಯೂನಿಟ್. ಮಳೆಗಾಲದಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುವ ಊರು ನಮ್ಮದು, ಅಷ್ಟು ಭಾರ ಹೊರುವ ಯುಪಿಎಸ್ ಬೆಲೆ ಬೇರೆ. ಮೇಲಿಂದ ಸಮುದ್ರದ ಉಪ್ಪುಗಾಳಿ. ಎರಡು ಕಾರ್ಡು ಇದ್ದರೆ ತುಕ್ಕು ಹಿಡಿಯಲು ಎರಡು ಜಾಗ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದ್ರೆ ದುಡ್ಡು ಸ್ವಲ್ಪ ಉಳೀತದೆ ಅಣ್ಣ. ಮಾನಿಟರ್ ಒಂದೇ ತಗೊಳ್ತೇನೆ, ಉಳಿದದ್ದು ಅಪ್ಪನಿಗೆ ವಾಪಸ್ ಕೊಡ್ತೇನೆ” ಎಂದ. ಜಾಹೀರಾತು ಹಾಕಿದವರಿಗೆ ಬೇಡ ಎಂದು ಅಲ್ಲೇ ಸಂದೇಶ ಕಳಿಸಿದ. ಗುಡ್ಡದ ಕೆಳಗೆ ದೋಣಿಗಳು ದಡಕ್ಕೆ ಬರುತ್ತಿದ್ದವು. ನಿಷೇಧ ಶುರುವಾಗಲು ಇನ್ನೂ ಕೆಲವು ವಾರ ಇದೆ.